4 ಹರ್ಟ್ಸ್ ಬಂದರೆ ಗುಡಿ ಪಾಸಾ?

ಪ್ರಶ್ನೆ: ಕುಮಟಾ ಹತ್ತಿರ ನಮ್ಮದೊಂದು ಹಳೇ ಚೀರೆಕಲ್ಲಿನ ಗುಡಿ. ಕಂಪನ ಪರೀಕ್ಷೆಯ ವರದಿಯಲ್ಲಿ 4 ಹರ್ಟ್ಸ್ ಅಂತಿದೆ. ಭೂಕಂಪಕ್ಕೆ ಹೆದರಬೇಕಿಲ್ಲ ಅಲ್ವಾ? ಹೆಂಚು ತೆಗೆದು ಸ್ಲ್ಯಾಬ್ ಹಾಕಬಹುದಾ?

ಉತ್ತರ: ಎಷ್ಟು ಸಲ ಹೇಳಲಿ, ಅದು ಅಂಕಪಟ್ಟಿ ಅಲ್ಲ. ಗುಡಿ ಸೆಕೆಂಡಿಗೆ ನಾಲ್ಕು ಸಲ ಓಲಾಡುತ್ತದೆ ಅಂತಷ್ಟೇ ಅರ್ಥ. ಒಂದು ಓಲಾಟಕ್ಕೆ 0.25 ಸೆಕೆಂಡ್. ಭೂಕಂಪ ತಡೆಯುವ ಕಟ್ಟಡಗಳಿಗೆ ಇರುವ ಭಾರತದ ಮಾನದಂಡ ಐಎಸ್ 1893ರ ಲೆಕ್ಕದಲ್ಲಿ, ಗಟ್ಟಿ ನೆಲದ ಮೇಲೆ 0.1ರಿಂದ 0.4 ಸೆಕೆಂಡಿನ ಕಟ್ಟಡಗಳಿಗೇ ಪೆಟ್ಟು ಜಾಸ್ತಿ. ನಿಮ್ಮದು ಸರಿಯಾಗಿ ಅದರ ನಡುವೆ ಕೂತಿದೆ. ಅದರ 2016ರ ನಕ್ಷೆಯಲ್ಲಿ ನಿಮ್ಮ ಹತ್ತಿರದ ಕಾರವಾರ 3ನೇ ವಲಯ, ಅಂದರೆ ಮಧ್ಯಮ ಅಪಾಯದ್ದು.

ಗಾಳಿಗೆ, ಲಾರಿಗೆ, ಅಲೆಗೆ ಕಟ್ಟಡ ಕಣ್ಣಿಗೆ ಕಾಣದಷ್ಟು ಅಲುಗುತ್ತಲೇ ಇರುತ್ತದೆ. ಸೆನ್ಸರ್ ಹಿಡಿಯುವುದು ಅದನ್ನು. ಆ ಲೆಕ್ಕಕ್ಕೆ ಹೊಂದುವ ಹಾಗೆ ಕಂಪ್ಯೂಟರ್ ಮಾದರಿ ತಿದ್ದಿ, ಆಮೇಲೆ ಅದಕ್ಕೆ ಭೂಕಂಪ ಕೊಟ್ಟು ನೋಡುತ್ತೇವೆ. ಗಾರೆಯ ಬಲ ಇದರಲ್ಲಿ ಸಿಗುವುದಿಲ್ಲ. ಅದನ್ನು ಗೋಡೆಯ ಹತ್ತಿರ ನಿಂತೇ ನೋಡಬೇಕು.

ಒಂದು ಗುಡಿಯಲ್ಲಿ ಮೂಲೆಯ ಆಚೆ ಈಚೆ, ಗೋಡೆಯ ತಲೆಯ ಮೇಲೆ ಎರಡು ಸೆನ್ಸರ್ ಇಟ್ಟಿದ್ದೆ. ಎರಡೂ ಒಟ್ಟಿಗೆ ಅಲುಗಬೇಕಿತ್ತು, ಅಲುಗಲಿಲ್ಲ. ಸುಣ್ಣ ಕೆರೆದರೆ ಉಗುರು ಹೋಗುವಷ್ಟು ಬಿರುಕು, ಮಾಡಿನಿಂದ ನೆಲದವರೆಗೆ. ವರ್ಷ ವರ್ಷ ಬಳಿದ ಸುಣ್ಣ ಅದನ್ನು ಮುಚ್ಚಿತ್ತು. ಭೂಕಂಪದಲ್ಲಿ ಇಂಥ ಗೋಡೆಯೇ ಹೊರಕ್ಕೆ ಮಗುಚುವುದು.

ಸ್ಲ್ಯಾಬ್ ಬೇಡವೇ ಬೇಡ. 12 ಸೆಂ.ಮೀ. ಸ್ಲ್ಯಾಬ್ ಅಂದರೆ ಚದರ ಮೀಟರಿಗೆ ಸುಮಾರು 300 ಕಿಲೋ. ಭಾರ ಹೆಚ್ಚಿದಷ್ಟೂ ಭೂಕಂಪದ ಎಳೆತ ಹೆಚ್ಚು. ಹೆಂಚಿನ ಮಾಡು ಇರಲಿ. ಗೆದ್ದಲು ತಿಂದ ಪಕಾಸು ಬದಲಿಸಿ. ಮಾಡಿನ ಮರವನ್ನು ಗೋಡೆಗೆ, ಗೋಡೆಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಬಿಗಿಸಿ. ಅದಕ್ಕೆ ಹಳೇ ಕಟ್ಟಡ ಬಲ್ಲ ಎಂಜಿನಿಯರ್ ಬೇಕು. ಮತ್ತೆ ಪರೀಕ್ಷೆ ಮಾಡಿಸುವುದಾದರೆ ಹಿಂದಿನ ಸಲ ಮಾಡಿಸಿದ ತಿಂಗಳಲ್ಲೇ ಮಾಡಿಸಿ. ಮಳೆ ಕುಡಿದ ಚೀರೆಕಲ್ಲಿಗೂ ಒಣಗಿದ್ದಕ್ಕೂ ಲೆಕ್ಕ ತಾಳೆಯಾಗುವುದಿಲ್ಲ.

ಪ್ರಶ್ನೆ: ಪರೀಕ್ಷೆಯಿಂದ ಮೂರ್ತಿ ಅಲುಗುತ್ತದಾ? (ಭಟ್ಕಳ)

ಉತ್ತರ: ಇಲ್ಲ. ನಾವು ಕಟ್ಟಡವನ್ನು ಅಲ್ಲಾಡಿಸುವುದೇ ಇಲ್ಲ.

ಪ್ರಶ್ನೆ: ನಾನೂರು ವರ್ಷ ನಿಂತ ಗುಡಿ, ಈಗ ಬೀಳುತ್ತದಾ? (ಶಿರಸಿ)

ಉತ್ತರ: ಕಠ್ಮಂಡುವಿನ ಕಾಷ್ಠಮಂಡಪವೂ ಶತಮಾನಗಳ ಕಾಲ ನಿಂತಿತ್ತು. 2015ರ ಏಪ್ರಿಲ್ 25ರ ಭೂಕಂಪಕ್ಕೆ ಬಿತ್ತು.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲೇ ಅಳೆದು ಸರ್ಟಿಫಿಕೇಟ್ ಕೊಡುತ್ತಾರಂತೆ, ಸಾಕಲ್ಲ? (ಕಾರವಾರ)

ಉತ್ತರ: ಸಾಲದು. ಇಷ್ಟು ಸಣ್ಣ ಕಂಪನ ಫೋನಿನ ಸ್ವಂತ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಅಂಥವರಿಗೆ ಹುಂಡಿಯ ದುಡ್ಡು ಕೊಡಬೇಡಿ.