‘ಅಂಟು’ ಎಂಬ ಹೆಸರನ್ನು ನಂಬಿ ಕೂರಬೇಡಿ

ನಮಸ್ಕಾರ. ಅಣ್ಣಿಗೇರಿಯಿಂದ ನೀವು ಕಳಿಸಿದ ‘ಕಣ್ಣಿನ ಮೂಕ ಸೇವಕರು’ ಲೇಖನವನ್ನು ಎರಡು ಸಲ ಓದಿದೆವು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದಲ್ಲಿ ನರಕೋಶಗಳ ಜೊತೆಗಿರುವ ಗ್ಲಿಯಾ ಕೋಶಗಳ ಬಗ್ಗೆ ಕನ್ನಡದಲ್ಲಿ ಬರಹ ಬೇಕೇ ಬೇಕು. ಆದರೆ ಈಗಿರುವ ರೂಪದಲ್ಲಿ ಇದನ್ನು ಅಚ್ಚಿಗೆ ಕೊಡಲಾರೆವು.

ಮೊದಲು ಒಂದು ಪದ. ರೆಟಿನಾವನ್ನು ನೀವು ಉದ್ದಕ್ಕೂ ‘ಕಣ್ಣಿನ ಪೊರೆ’ ಎಂದಿದ್ದೀರಿ. ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಪೊರೆ ಎಂದರೆ ಆಪರೇಷನ್ ಮಾಡಿಸಿ ತೆಗೆಸುವಂಥದ್ದು, ಮಸೂರ ಮಬ್ಬಾಗುವುದು. ‘ಪೊರೆ ಊದಿದೆ’ ಎಂದು ಓದಿದವರು ಲೆನ್ಸ್ ಹಾಕಿಸಲು ಹೊರಟಾರು. ಅಕ್ಷಿಪಟಲ ಎನ್ನಿ, ಇಲ್ಲವೇ ಸೀದಾ ರೆಟಿನಾ ಎನ್ನಿ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಗ್ರೀಕ್ ಭಾಷೆಯಲ್ಲಿ ಗ್ಲಿಯಾ ಎಂದರೆ ಅಂಟು. ಆ ಅರ್ಥವನ್ನೇ ಹಿಡಿದು ಈ ಕೋಶಗಳನ್ನು ಇಟ್ಟಿಗೆ ನಡುವಿನ ಗಾರೆ ಮಾಡಿಬಿಟ್ಟಿದ್ದೀರಿ, ಆಸ್ಟ್ರೋಸೈಟ್, ಮೈಕ್ರೋಗ್ಲಿಯಾ, ಮ್ಯೂಲರ್ ಕೋಶ ಎಂಬ ಮೂರು ಬಗೆಯನ್ನೂ ಒಂದೇ ಮುದ್ದೆ ಮಾಡಿದ್ದೀರಿ. ಆಸ್ಟ್ರೋಸೈಟ್ ಇರುವುದು ಒಳಗಿನ ನರತಂತು ಪದರದಲ್ಲಿ, ರಕ್ತನಾಳಗಳನ್ನು ತಬ್ಬಿಕೊಂಡು. ಮೈಕ್ರೋಗ್ಲಿಯಾ ರಕ್ಷಣಾ ಕೋಶ. ಬೆಳಕು ಹಿಡಿಯುವ ಕೋಶಗಳು ಸಾಯತೊಡಗಿದರೆ ಹೊರಪದರಕ್ಕೆ ನುಗ್ಗಿ ಕಸ ನುಂಗುತ್ತದೆ. ಇಲಿಗಳಲ್ಲಿ ಇನ್ನೂ ಜೀವವಿರುವ ಕೋಶಗಳನ್ನೂ ನುಂಗಿದ್ದು ಕಂಡಿದೆ. ‘ಸೇವಕರು’ ಎಂಬ ನಿಮ್ಮ ಶೀರ್ಷಿಕೆ ಅಲ್ಲಿಗೇ ಬಿದ್ದುಹೋಗುತ್ತದೆ.

ಇವೆರಡನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿ, ಮ್ಯೂಲರ್ ಕೋಶದ ಮುಂದೆ ಕೂತುಬಿಡಿ. 1851ರಲ್ಲಿ ಹೈನ್ರಿಕ್ ಮ್ಯೂಲರ್ ವಿವರಿಸಿದ ಕೋಶವಿದು. ಕಾಲು ಮಿಲಿಮೀಟರಿನಷ್ಟು ದಪ್ಪದ ರೆಟಿನಾವನ್ನು ಒಂದೇ ಕೋಶ ಕಂಬದಂತೆ ಆರುಪಾರು ದಾಟುತ್ತದೆ. ಬೆಳಕು ಈ ಕಂಬದೊಳಗೇ ಹೆಚ್ಚು ಚದುರದೆ ಹಾಯುತ್ತದೆ ಎಂದು 2007ರಲ್ಲಿ ಲೈಪ್‌ಜಿಗ್‌ನ ಸಂಶೋಧಕರು ಗಿನಿಯಿಲಿಯ ರೆಟಿನಾದಲ್ಲಿ ತೋರಿಸಿದರು. ಗಾರೆಗೆ ಇಂಥ ಕೆಲಸ ಆದೀತೇ?

ಇನ್ನು ರೋಗ. ‘ಸಕ್ಕರೆ ಕಾಯಿಲೆಯಲ್ಲಿ ಗ್ಲಿಯಾ ಹಾಳಾಗಿ ದೃಷ್ಟಿ ಕುಂದುತ್ತದೆ’ ಎಂದು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ಹೇಗೆ ಕುಂದುತ್ತದೆ ಎಂಬುದೇ ನಿಮ್ಮ ಲೇಖನವಾಗಬೇಕು. ನರಕೋಶ ದುಡಿದಾಗಲೆಲ್ಲ ಪೊಟ್ಯಾಸಿಯಂ ಹೊರಬೀಳುತ್ತದೆ. ಮ್ಯೂಲರ್ ಕೋಶ ಅದನ್ನು ಎಳೆದುಕೊಂಡು ರಕ್ತನಾಳದ ಕಡೆಗೂ ಕಣ್ಣುಗುಡ್ಡೆಯೊಳಗೆ ತುಂಬಿರುವ ಗಾಜುರಸದ ಕಡೆಗೂ ಸಾಗಹಾಕುತ್ತದೆ. ಹಿಂದೆಯೇ ಅಕ್ವಾಪೊರಿನ್-4 ಎಂಬ ತೂಬಿನಿಂದ ನೀರೂ ಹೋಗುತ್ತದೆ. ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ರಕ್ತನಾಳದ ಪಕ್ಕದ ಪೊಟ್ಯಾಸಿಯಂ ಬಾಗಿಲು, ಅಂದರೆ ಕಿರ್4.1, ಜಾಗ ಬಿಟ್ಟು ಚದುರಿಹೋಗುತ್ತದೆ. ಪೊಟ್ಯಾಸಿಯಂ ಕೋಶದೊಳಗೇ ಉಳಿದು, ನೀರು ಒಳಸೇರಿ, ಕೋಶ ಊದುತ್ತದೆ. ಇತ್ತ ಆಮ್ಲಜನಕ ಸಾಲದೆ ಅದೇ ಕೋಶ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಸುರಿಸುತ್ತದೆ, ರಕ್ತನಾಳ ಸೋರುತ್ತದೆ. ನಿಮ್ಮೂರ ಎರಿ ಹೊಲದಲ್ಲಿ ಬಸಿಗಾಲುವೆ ಮುಚ್ಚಿರುವಾಗಲೇ ಮೇಲಿನ ಬದು ಒಡೆದ ಹಾಗೆ. ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನಿನಲ್ಲಿ, ನೇರ ನೋಟಕ್ಕೆ ಬೇಕಾದ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ನಡುವೆ ಕಪ್ಪು ಗುಳ್ಳೆಗಳಾಗಿ ಕಾಣುವುದು ನಿಂತ ಆ ನೀರೇ. ಕಣ್ಣಿಗೆ ಕೊಡುವ ಇಂಜೆಕ್ಷನ್ ವಿಇಜಿಎಫ್ ಅನ್ನು ತಡೆದು ಸೋರಿಕೆ ತಗ್ಗಿಸುತ್ತದೆ, ಕಾಲುವೆಯನ್ನು ನೇರ ರಿಪೇರಿ ಮಾಡುವುದಿಲ್ಲ. ಇಷ್ಟನ್ನು ನೀವು ಸಾವಕಾಶವಾಗಿ, ಎರಡು ಪುಟ ಬರೆದರೂ ನಾವು ಹಾಕುತ್ತೇವೆ.

ಮ್ಯೂಲರ್ ಕೋಶದಿಂದ ಹೊಸ ನರಕೋಶ ಹುಟ್ಟಿಸುವ ಡ್ರಾಪ್ಸ್ ಬರಲಿದೆ ಎನ್ನುವ ಕೊನೆಯ ಪ್ಯಾರಾ ತೆಗೆಯಿರಿ. ಜೀಬ್ರಾ ಮೀನಿನ ಮ್ಯೂಲರ್ ಕೋಶ ಹೊಸ ನರಕೋಶ ಹುಟ್ಟಿಸುವುದು ನಿಜ. ಮನುಷ್ಯರಲ್ಲಿ ಪೆಟ್ಟು ಬಿದ್ದರೆ ಅದು ಬಹುಪಾಲು ಕಲೆಗಟ್ಟುತ್ತದೆ. ‘ಶೀಘ್ರವೇ ಡ್ರಾಪ್ಸ್ ಬರಲಿದೆ’ ಎಂದು ಓದಿ ಯಾರಾದರೂ ಈಗಿನ ಇಂಜೆಕ್ಷನ್ ಮುಂದೂಡಿದರೆ ಹೋದ ದೃಷ್ಟಿ ಮರಳದಿರಬಹುದು. ಆ ಜಾಗದಲ್ಲಿ, ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಬೇಕು ಎಂದು ಬರೆಯಿರಿ.

ಜೊತೆಗೆ ಓಸಿಟಿ ಚಿತ್ರ ಕಳಿಸುವುದಾದರೆ ರೋಗಿಯ ಒಪ್ಪಿಗೆ ಪಡೆದು, ಮೂಲೆಯಲ್ಲಿರುವ ಹೆಸರು, ನಂಬರು ಅಳಿಸಿ ಕಳಿಸಿ.