ಕಾಫಿ ಫ್ಲಾಸ್ಕ್ ಹುಟ್ಟಿದ್ದು ಬಿಸಿಗಲ್ಲ, ಚಳಿಗೆ

ಪ್ರಶ್ನೆ: ನಮ್ಮ ಫ್ಲಾಸ್ಕಿನ ಗಾಜು ಒಡೆದು ಹೊಸ ರೀಫಿಲ್ ತಂದೆವು. ಅದರ ತಳದಲ್ಲಿ ಚೂಪಾದ ಒಂದು ಮೊನೆ ಇದೆ. ಅದು ಯಾಕೆ? ಫ್ಲಾಸ್ಕ್ ಕಂಡುಹಿಡಿದವರು ಯಾರು?

ಉತ್ತರ: ಆ ಮೊನೆಯನ್ನು ಜೋಪಾನ ಮಾಡಿ. ಫ್ಲಾಸ್ಕಿನ ಜೀವ ಇರೋದೇ ಅಲ್ಲಿ. ರೀಫಿಲ್ ಅಂದರೆ ಒಂದರೊಳಗೆ ಒಂದು ಕೂತ ಎರಡು ಗಾಜಿನ ಬಾಟಲಿ. ಬಾಯಿಯ ಹತ್ತಿರ ಮಾತ್ರ ಬೆಸೆದಿರುತ್ತಾರೆ. ನಡುವಿನ ಗಾಳಿಯನ್ನು ತಳದ ಸಣ್ಣ ಕೊಳವೆಯಿಂದ ಎಳೆದು ತೆಗೆದು, ಕೊಳವೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚುತ್ತಾರೆ. ಮುಚ್ಚಿದ ಗುರುತೇ ಆ ಮೊನೆ. ಅದು ಮುರಿದರೆ ಗಾಳಿ ಒಳಗೆ ನುಗ್ಗುತ್ತದೆ. ಆಮೇಲೆ ಕಾಫಿ ಬೇಗ ಆರಿಹೋಗುತ್ತದೆ. ಗಾಳಿ ಇಲ್ಲದಿದ್ದರೆ ಬಿಸಿಗೆ ದಾಟಲು ದಾರಿ ಕಡಿಮೆ. ಬೆಳಕಿನಂತೆ ಹೊರಗೆ ಹೋಗುವ ಶಾಖವನ್ನು ಗಾಜಿನ ಬೆಳ್ಳಿ ಲೇಪ ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ.

ಇದನ್ನು ಮಾಡಿದವರು ಜೇಮ್ಸ್ ಡ್ಯೂವರ್. 1842ರಲ್ಲಿ ಸ್ಕಾಟ್ಲೆಂಡಿನ ಕಿಂಕಾರ್ಡಿನ್‌ನಲ್ಲಿ ಹುಟ್ಟಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ಹೆಪ್ಪುಗಟ್ಟಿದ ನೀರಿನ ಮೇಲೆ ಹೋಗಿ, ಮಂಜು ಒಡೆದು ಒಳಗೆ ಬಿದ್ದರು. ಕೀಲುಗಳನ್ನು ಹಿಡಿಯುವ ಜ್ವರ ಬಂದು ಬಹಳ ಕಾಲ ಮಲಗಿದರು. ಆ ದಿನಗಳಲ್ಲಿ ಊರಿನ ಬಡಗಿಯ ಹತ್ತಿರ ಪಿಟೀಲು ಮಾಡೋದು ಕಲಿತರು. ಮುಂದೆ ತೆಳ್ಳನೆ ಗಾಜಿನ ಉಪಕರಣಗಳ ಜೊತೆ ಕೆಲಸ ಮಾಡಿದ ಕೈಗೆ ಮೊದಲು ಹದ ಕೊಟ್ಟಿದ್ದು ಆ ಪಿಟೀಲೇ ಅಂತ ನನಗೆ ಅನ್ನಿಸುತ್ತದೆ.

1877ರಿಂದ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದರು. ಅಲ್ಲಿ ಆಮ್ಲಜನಕ, ಗಾಳಿ ಇವನ್ನೆಲ್ಲ ತಣ್ಣಗೆ ಮಾಡಿ ನೀರಿನಂತೆ ದ್ರವ ಮಾಡುತ್ತಿದ್ದರು. ಕಷ್ಟ ಇದ್ದಿದ್ದು ಅದನ್ನು ಉಳಿಸಿಕೊಳ್ಳೋದರಲ್ಲಿ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಗೇ ಕುದಿಯುತ್ತದೆ. ಅದಕ್ಕೆ ನಮ್ಮ ಕೋಣೆಯ ಗಾಳಿಯೇ ಉರಿಯುವ ಒಲೆ. ಮಾಮೂಲಿ ಪಾತ್ರೆಗೆ ಸುರಿದರೆ ಕಣ್ಣೆದುರೇ ಕುದ್ದು ಹಾರಿಹೋಗುತ್ತದೆ. ಹೊರಗಿನ ಬಿಸಿಯನ್ನು ತಡೆಯಲು ಅವರು 1892ರಲ್ಲಿ ಈ ಜೋಡಿ ಗೋಡೆಯ ಪಾತ್ರೆ ಮಾಡಿದರು. 1898ರಲ್ಲಿ ಜಲಜನಕವನ್ನೂ ದ್ರವ ಮಾಡಿದರು, ಸುಮಾರು ಮೈನಸ್ 253 ಡಿಗ್ರಿಯಲ್ಲಿ. ಮರುವರ್ಷ ಅದನ್ನೇ ಗಟ್ಟಿ ಮಾಡಿದರು. ಹೀಲಿಯಂ ಮಾತ್ರ ಅವರ ಕೈಗೆ ಸಿಗಲಿಲ್ಲ. 1908ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಅದನ್ನು ಗೆದ್ದರು, 1913ರಲ್ಲಿ ನೊಬೆಲ್ ಪಡೆದರು. ಡ್ಯೂವರ್‌ಗೆ ನೊಬೆಲ್ ಬರಲೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಪಾತ್ರೆಗೆ ಅವರು ಪೇಟೆಂಟ್ ಮಾಡಿಸಿರಲಿಲ್ಲ. 1904ರಲ್ಲಿ ಜರ್ಮನಿಯಲ್ಲಿ ಶುರುವಾದ ಥರ್ಮೋಸ್ ಕಂಪನಿ ಅದನ್ನು ಮನೆಬಳಕೆಗೆ ತಂದಿತು. ಡ್ಯೂವರ್ 1923ರಲ್ಲಿ ತೀರಿಕೊಂಡರು.

ಮುಂದಿನ ಸಲ ಪಶು ಆಸ್ಪತ್ರೆಗೆ ಹೋದಾಗ, ಮುಚ್ಚಳ ತೆಗೆದರೆ ಬಿಳಿ ಹೊಗೆಯಾಡುವ ಕ್ಯಾನ್ ಇರುತ್ತದಲ್ವಾ, ಅದನ್ನು ನೋಡಿ. ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನು ಅದರೊಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟಿರುತ್ತಾರೆ. ಕ್ಯಾನ್ ಲೋಹದ್ದು. ಆದರೆ ಅಲ್ಲೂ ಎರಡು ಗೋಡೆ, ನಡುವೆ ಗಾಳಿ ತೆಗೆದ ಜಾಗ. ಅದನ್ನು ತಯಾರಿಸುವವರು ಈಗಲೂ ಡ್ಯೂವರ್ ಅಂತಲೇ ಕರೆಯುತ್ತಾರೆ.