‘ನರ್ಸ್ ಕೋರ್ಸ್’ಗೆ ಸರ ಅಡ ಇಡುವ ಮುಂಚೆ

ಇವರನ್ನು ಮಂಜುಳಾ ಅಂತ ಕರೆಯೋಣ. ನಿಜವಾದ ಹೆಸರಲ್ಲ, ಮನೆಯ ಗುರುತುಗಳನ್ನೂ ಬದಲಿಸಿದ್ದೇನೆ. ವಯಸ್ಸು 29. ಓದಿದ್ದು ಎಸ್ಸೆಸ್ಸೆಲ್ಸಿ. ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ನಾಲ್ಕು ವರ್ಷದಿಂದ ಆಯಾ. ಗಂಡ ಎಪಿಎಂಸಿಯಲ್ಲಿ ಹಮಾಲಿ. ಬೆನ್ನುನೋವು ಹಿಡಿದ ಮೇಲೆ ಮೆಕ್ಕೆಜೋಳದ ಸೀಸನ್‌ನಲ್ಲೂ ದಿನ ಬಿಟ್ಟು ದಿನ ಹೋಗುತ್ತಾರೆ. ಇಬ್ಬರು ಮಕ್ಕಳು.

ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಬಂದಿದ್ದರು. ಮಾತಾಡ್ತಾ ಮಾತಾಡ್ತಾ ವಿಷಯ ಹೊರಗೆ ಬಂತು. ಆರು ತಿಂಗಳ ‘ನರ್ಸಿಂಗ್ ಕೋರ್ಸ್’ ಇದೆ, ಮುಗಿಸಿದರೆ ಸ್ಟಾಫ್ ನರ್ಸ್ ಕೆಲಸ ಗ್ಯಾರಂಟಿ ಅಂತ ಯಾರೋ ಹೇಳಿದ್ದಾರೆ. ಫೀಸು 45 ಸಾವಿರ, ವಾರದೊಳಗೆ ಕಟ್ಟಬೇಕು. ಕತ್ತಿನ ಸರ ಅಡ ಇಡದೆ ದಾರಿಯಿಲ್ಲ. ಇತ್ತ ಅತ್ತೆ, ಮಂದಿ ಹೇಲು ಉಚ್ಚೆ ಬಳಿಯೋ ಕೆಲಸ ಬಿಟ್ಟು ಮನೇಲಿ ಹೊಲಿಗೆ ಹಾಕಬಾರದಾ ಅಂತ ದಿನಾ ಚುಚ್ಚುತ್ತಾರೆ. “ನರ್ಸ್ ಆದ್ರೆ ಆ ಮಾತು ನಿಲ್ಲುತ್ತೆ ಅಲ್ವಾ ಮೇಡಂ?”

ಫೀಸಿನ ಮಾತು ಆಮೇಲೆ, ಮೊದಲು ನಿಮ್ಮ ಕೆಲಸ ಏನು ಹೇಳಿ ಅಂದೆ. “ಏನಿಲ್ಲ ಮೇಡಂ, ಸುಮ್ನೆ ಆಯಾ.” ಏಳಲಾಗದ ರೋಗಿಯ ಹಾಸಿಗೆ ಬಟ್ಟೆ ಹೇಗೆ ಬದಲಾಯಿಸ್ತೀರಿ ಅಂತ ಕೇಳಿದಾಗ ಎದ್ದು ನಿಂತರು. ಬೆಂಚಿನ ಮೇಲೆ ವೇಲ್ ಹಾಸಿ ತೋರಿಸಿದರು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಹಳೆ ಬಟ್ಟೆ ಸುತ್ತಿ ಬೆನ್ನಿನ ಕೆಳಗೆ ತಳ್ಳಬೇಕು. ಹೊಸದನ್ನು ಅರ್ಧ ಹಾಸಿ, ಈ ಕಡೆಗೆ ಹೊರಳಿಸಿ, ಆ ಕಡೆಯಿಂದ ಹಳೆಯದನ್ನು ಎಳೆಯಬೇಕು. “ಸುಕ್ಕು ಉಳಿಬಾರದು ಮೇಡಂ. ಸುಕ್ಕಿದ್ದಲ್ಲಿ ಚರ್ಮ ಕೆಂಪಾಗುತ್ತೆ. ಕೆಂಪು ಕಂಡ್ರೆ ಸಿಸ್ಟರ್‌ಗೆ ಹೇಳ್ತೀನಿ.” ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಶುರುವಾಗೋದೇ ಹಾಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನೋದೂ ಅವರಿಗೆ ಗೊತ್ತಿತ್ತು. ಇಷ್ಟು ಬಲ್ಲವರು ತಮ್ಮನ್ನೇ ‘ಸುಮ್ನೆ ಆಯಾ’ ಅಂದುಕೊಂಡರೆ ಏನು ಹೇಳೋಣ!

ಈ ಊರಲ್ಲಿ ಕೆಲಸಕ್ಕೇನೂ ಬರ ಇಲ್ಲ. ಚಿಗಟೇರಿ ಆಸ್ಪತ್ರೆ, ಬಾಪೂಜಿ, ಎಸ್‌ಎಸ್, ಜೊತೆಗೆ ಗಲ್ಲಿಗೊಂದು ನರ್ಸಿಂಗ್ ಹೋಮ್. ಚಿತ್ರದುರ್ಗದ ಕಡೆಯಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಒಳ್ಳೆ ಹೋಮ್ ನರ್ಸ್ ಇದ್ದರೆ ಹೇಳಿ ಅಂತ ನನ್ನನ್ನೂ ಕೇಳುತ್ತಾರೆ. ತೊಂದರೆ ಇರೋದು ಬೇರೆ ಕಡೆ. ಹತ್ತು ವರ್ಷ ದುಡಿದರೂ ಆಯಾ ಆಯಾನೇ. ಅನುಭವದ ಮೇಲೆ ಯಾರೂ ನರ್ಸ್ ಮಾಡಲ್ಲ. ಆ ಆಸೆಯನ್ನೇ ಕೆಲವರು ದುಡ್ಡು ಮಾಡಿಕೊಳ್ಳುತ್ತಾರೆ.

ಅದಕ್ಕೇ ನೇರವಾಗಿ ಹೇಳಿದೆ: ಆರು ತಿಂಗಳಲ್ಲಿ ನರ್ಸ್ ಆಗೋಕೆ ಬರಲ್ಲ. ಎಎನ್ಎಂ (ಸಹಾಯಕ ನರ್ಸ್ ಕೋರ್ಸ್) 2 ವರ್ಷ, ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಆಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ‘ಈ ಸರ್ಟಿಫಿಕೇಟಿಗೆ ಕೌನ್ಸಿಲ್ ನೋಂದಣಿ ಸಿಗುತ್ತಾ? ಬರೆದು ಕೊಡಿ’ ಅಂತ ಆ ಕೋರ್ಸಿನವರನ್ನೇ ಕೇಳಿ. ಬರೆದು ಕೊಡಲ್ಲ ನೋಡಿ. ಕೆಲವು ತಿಂಗಳ ನಿಜವಾದ ಕೋರ್ಸೂ ಇದೆ. ಅದರ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್. ಸ್ನಾನ, ಊಟ, ಮಗ್ಗುಲು ಬದಲಿಸೋದು, ವ್ಹೀಲ್‌ಚೇರಿಗೆ ಎತ್ತಿ ಕೂರಿಸೋದು, ಅಂದರೆ ಈಗ ಮಾಡುತ್ತಿರುವ ಕೆಲಸವೇ. ಸರ್ಕಾರದ ಕೌಶಲ ಯೋಜನೆಗಳಲ್ಲಿ ಅದನ್ನು ಪುಕ್ಕಟೆ ಕಲಿಸುತ್ತಾರೆ. ಅದಕ್ಕೆ ಸರ ಯಾಕೆ ಅಡ ಇಡಬೇಕು?

ನಿಜಕ್ಕೂ ನರ್ಸ್ ಆಗಬೇಕಂದರೆ ಮೊದಲು ಪಿಯುಸಿ. ಖಾಸಗಿ ಅಭ್ಯರ್ಥಿಯಾಗಿ ಕಲಾ ವಿಭಾಗದಲ್ಲಿ ಪರೀಕ್ಷೆ ಕಟ್ಟಬಹುದು. ಎಎನ್ಎಂಗೆ ವಿಜ್ಞಾನವೇ ಬೇಕಂತಿಲ್ಲ. ಆದರೆ ಸೇರೋಕೆ 35ರ ಮಿತಿ ಇದೆ. ಇವರಿಗಿನ್ನೂ ಸಮಯವಿದೆ, ಜಾಸ್ತಿ ಇಲ್ಲ. ಆ ಎರಡು ವರ್ಷ ಸಂಬಳ ಇರಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ.

ಅಲ್ಲಿಯವರೆಗೆ ಇರುವ ಕೆಲಸದಲ್ಲೇ ಗಟ್ಟಿಯಾಗಬೇಕು. ಸಂಬಳದಲ್ಲಿ ಪಿಎಫ್, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಹಿಡಿಯುತ್ತಾರಾ ಅಂತ ಕೇಳಿದರೆ ಗೊತ್ತಿಲ್ಲ ಅಂದರು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ, ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವವರಿಗೆ ಇಎಸ್ಐ ಕೊಡಲೇಬೇಕು. ಗಂಡನ ಬೆನ್ನಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತೆ. ಯಾರದಾದರೂ ಮನೆಯಲ್ಲಿ ರೋಗಿ ನೋಡಿಕೊಳ್ಳೋ ಕೆಲಸ ಒಪ್ಪಿಕೊಂಡರೆ ಹಗಲು ಪಾಳಿ ಮಾತ್ರ, ವಾರಕ್ಕೊಂದು ರಜೆ. ಅಡುಗೆ, ಪಾತ್ರೆ ತಮ್ಮ ಕೆಲಸ ಅಲ್ಲ ಅಂತ ಮೊದಲೇ ಮಾತಾಡಿಕೊಳ್ಳಬೇಕು. ಇಂಜೆಕ್ಷನ್ ಕೊಡು ಅಂದರೆ ಖಂಡಿತ ಬೇಡ. ಎಡವಟ್ಟಾದರೆ ಯಾರೂ ಬೆನ್ನಿಗೆ ನಿಲ್ಲಲ್ಲ.

ಅತ್ತೆ ಜೊತೆ ವಾದಕ್ಕೆ ಇಳಿಯಬೇಡಿ ಅಂದೆ. ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಮಾತು. ಮುಂದಿನ ಸಲ ಗಂಡನನ್ನೂ ಕರೆಸಿದೆ. ಈ ಮನೆಯ ಅಕ್ಕಿ, ಮಕ್ಕಳ ಫೀಸು ಯಾರ ದುಡಿಮೆ ಅಂತ ಅವ್ವನಿಗೆ ನೀವೇ ಹೇಳಬೇಕು ಅಂದಾಗ ತಲೆ ತಗ್ಗಿಸಿದರು, ಹ್ಞೂಂ ಅಂದರು. ಹೇಳಿದರೋ ಇಲ್ಲವೋ ತಿಳಿಯದು. ಮಂಜುಳಾ ಮಾತ್ರ ಕೋರ್ಸಿಗೆ ದುಡ್ಡು ಕಟ್ಟಲಿಲ್ಲ. ಪಿಯುಸಿ ಅರ್ಜಿ ಯಾವಾಗ ಕರೀತಾರೆ ಅಂತ ಫೋನ್ ಮಾಡಿ ಕೇಳಿದ್ದರು.